ಬಿ.ಎಸ್ಸಿ. ನರ್ಸಿಂಗ್‌ನ ನಾಲ್ಕು ವರ್ಷಗಳಲ್ಲಿ ಏನನ್ನು ಕಲಿಯುತ್ತಾರೆ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಸ್ವಲ್ಪ ಅಡಿಕೆ ತೋಟವಿದೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಬಿ.ಎಸ್ಸಿ. ನರ್ಸಿಂಗ್ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಇಂಜೆಕ್ಷನ್ ಕೊಡುವುದಕ್ಕೆ, ಹಾಸಿಗೆ ಬದಲಿಸುವುದಕ್ಕೆ ನಾಲ್ಕು ವರ್ಷ ಓದಬೇಕೇ ಎಂದು ನೆಂಟರು ಕೇಳುತ್ತಾರೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಇಂಗ್ಲಿಷಿನಲ್ಲಿ ಓದಿ ಅವಳು ದಡ ಸೇರುತ್ತಾಳೆಯೇ?

ಉತ್ತರ: ನಿಮ್ಮ ನೆಂಟರು ಹೇಳಿದ ಇಂಜೆಕ್ಷನ್ನಿನಿಂದಲೇ ಆರಂಭಿಸುತ್ತೇನೆ. ದೊಡ್ಡವರಿಗೆ ಸೊಂಟದ ಕೆಳಗಿನ ಮಾಂಸಖಂಡಕ್ಕೆ ಇಂಜೆಕ್ಷನ್ ಕೊಡುವಾಗ ನರ್ಸ್ ಆ ಭಾಗವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿಕೊಂಡು ಮೇಲಿನ ಹೊರಪಾಲನ್ನು ಆರಿಸಿಕೊಳ್ಳುತ್ತಾಳೆ. ಏಕೆಂದರೆ ಉಳಿದ ಕಡೆ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಸೂಜಿ ತಗಲುವ ಭಯವಿದೆ, ತಗಲಿದರೆ ಪಾದ ಮೇಲೆತ್ತಲಾಗದೆ ಜೋತು ಬೀಳಬಹುದು. ಎಳೆಗೂಸಾದರೆ ಆ ಜಾಗವನ್ನೇ ಬಿಟ್ಟು ತೊಡೆಯ ಹೊರಬದಿಗೆ ಕೊಡುತ್ತಾಳೆ. ಕೊಟ್ಟ ಮೇಲೆ ಮೈಮೇಲೆ ದದ್ದು ಏಳುತ್ತಿದೆಯೇ, ತುಟಿ ಊದುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ ಎಂದು ನೋಡುತ್ತಾಳೆ, ಔಷಧ ಒಗ್ಗದೆ ಹಾಗಾದ ಹೊತ್ತಿಗೆ ಬೇಕಾಗುವ ಅಡ್ರಿನಲಿನ್ ಮದ್ದು ಕೈಗೆ ಸಿಗುವ ಹಾಗೆ ಮೊದಲೇ ಇಟ್ಟುಕೊಂಡಿರುತ್ತಾಳೆ. ಸೂಜಿ ಚುಚ್ಚುವುದು ಹತ್ತು ಸೆಕೆಂಡಿನ ಕೆಲಸ. ಅದರ ಹಿಂದುಮುಂದಿನ ಕೆಲಸಕ್ಕೆ ಅಂಗರಚನಾಶಾಸ್ತ್ರ ಬೇಕು, ಔಷಧಶಾಸ್ತ್ರ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ನೋಡುವ ಅಭ್ಯಾಸ ಬೇಕು. ಶಿವಮೊಗ್ಗದಲ್ಲಿ ಬಹುಕಾಲ ನರ್ಸಿಂಗ್ ಕಲಿಸಿರುವ ನನಗೆ ಈ ನಾಲ್ಕು ವರ್ಷಗಳ ತಿರುಳು ಆ ಕೊನೆಯ ಮಾತಿನಲ್ಲಿಯೇ ಇದೆ ಎನಿಸುತ್ತದೆ: ರೋಗಿಯ ಮೈಯಲ್ಲಿ ಆಗುತ್ತಿರುವ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುವುದು, ಅದರ ಅರ್ಥ ತಿಳಿಯುವುದು, ತಕ್ಷಣ ಮಾಡಬೇಕಾದ್ದನ್ನು ಮಾಡಿ ವೈದ್ಯರಿಗೆ ಸ್ಪಷ್ಟವಾಗಿ ಹೇಳುವುದು. ಡಾಕ್ಟರು ದಿನಕ್ಕೆ ಒಂದೆರಡು ಸಲ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಇಪ್ಪತ್ನಾಲ್ಕು ಗಂಟೆಯೂ ಹಾಸಿಗೆಯ ಪಕ್ಕದಲ್ಲಿರುವವರು ನರ್ಸುಗಳು.

ಓದಿನ ಚೌಕಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಶಕ್ಕೆಲ್ಲ ಒಂದೇ ಪಠ್ಯಕ್ರಮವನ್ನು 1947ರ ಕಾಯ್ದೆಯಂತೆ ರಚನೆಯಾದ ಭಾರತೀಯ ಶುಶ್ರೂಷಾ ಪರಿಷತ್ತು ನಿಗದಿ ಮಾಡಿದೆ. 2021ರಲ್ಲಿ ಹೊರಬಂದ ಪರಿಷ್ಕೃತ ನಿಯಮಗಳ ಪ್ರಕಾರ ಇದು ನಾಲ್ಕು ವರ್ಷ, ಎಂಟು ಸೆಮಿಸ್ಟರ್‌ಗಳ ಓದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ಒಟ್ಟು ಶೇ. 45 ಅಂಕ ಪಡೆದಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40; ವಯಸ್ಸು ಕನಿಷ್ಠ 17 ಆಗಿರಬೇಕು. ನಮ್ಮ ರಾಜ್ಯದ ಹೆಚ್ಚಿನ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಮೂರು ವರ್ಷದ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಮತ್ತು ಎರಡು ವರ್ಷದ ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಬೇರೆ ಕೋರ್ಸುಗಳು, ಪ್ರವೇಶದ ಸಮಯದಲ್ಲಿ ಇವನ್ನು ಒಂದೇ ಎಂದು ತಿಳಿದು ಮೋಸಹೋದವರನ್ನು ನಾನು ಕಂಡಿದ್ದೇನೆ, ಆದ್ದರಿಂದ ಅರ್ಜಿಯಲ್ಲಿರುವ ಕೋರ್ಸಿನ ಹೆಸರನ್ನು ನೀವೇ ಓದಿ ನೋಡಿ.

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಮನಃಶಾಸ್ತ್ರ, ಸಮಾಜಶಾಸ್ತ್ರ, ಪೌಷ್ಟಿಕಾಂಶ ಇವುಗಳ ಜೊತೆಗೆ ನರ್ಸಿಂಗ್ ಫೌಂಡೇಶನ್ ಎಂಬ ಮೂಲಪಾಠ ಇರುತ್ತದೆ. ನೆಂಟರು ಹೇಳಿದ ಹಾಸಿಗೆ ಈ ಪಾಠದ ಪಾಲಿನದು. ಕೆಳಹಾಸು, ಅದರ ಮೇಲೆ ಮ್ಯಾಕಿಂಟಾಷ್ ಎಂದು ಕರೆಯುವ ರಬ್ಬರ್ ಹಾಳೆ, ಅದರ ಮೇಲೆ ಡ್ರಾ ಶೀಟ್ ಎಂಬ ಅಡ್ಡ ಹಾಸು, ಇವುಗಳಲ್ಲಿ ಒಂದು ಸುಕ್ಕೂ ಉಳಿಯಬಾರದು ಎಂದು ಟೀಚರ್ ಹೇಳಿದಾಗ ಹದಿನೆಂಟರ ಹುಡುಗಿಗೆ ಅದು ಶಿಸ್ತಿನ ಮಾತೆಂದೇ ತೋರುತ್ತದೆ. ಆದರೆ ತೋಟದಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗಾರನಿಗೆ ಸೊಂಟದ ಕೆಳಗೆ ಸ್ಪರ್ಶವೇ ಇರುವುದಿಲ್ಲ. ಆ ಸುಕ್ಕು ಒತ್ತುತ್ತಿದೆ ಎಂದು ಅವನಿಗೆ ಗೊತ್ತಾಗುವುದಿಲ್ಲ, ಒತ್ತಿದ ಜಾಗಕ್ಕೆ ರಕ್ತ ಹರಿಯುವುದು ನಿಂತು ಮೊದಲು ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚಿಕೊಳ್ಳುವುದಿಲ್ಲ, ಅಲ್ಲಿಗೆ ಹಾಸಿಗೆ ಹುಣ್ಣು ಆರಂಭವಾಯಿತೆಂದೇ ಲೆಕ್ಕ. ಅದು ಮೂಳೆಯವರೆಗೆ ಇಳಿದರೆ ನಂಜೇರಿ ಜೀವಕ್ಕೇ ಅಪಾಯ. ಅದಕ್ಕೇ ಅಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನುಹುರಿಗೆ ಮತ್ತಷ್ಟು ಪೆಟ್ಟಾಗದಂತೆ ನಾಲ್ಕು ಜನ ಒಟ್ಟಿಗೆ, ತಲೆಯ ಕಡೆ ಇರುವವರ ಎಣಿಕೆಗೆ ಸರಿಯಾಗಿ, ಮರದ ದಿಮ್ಮಿ ಹೊರಳಿಸಿದಂತೆ ಹೊರಳಿಸಬೇಕು. ಮಲೆನಾಡಿನ ಆಸ್ಪತ್ರೆಗಳಲ್ಲಿ ಪೋಸ್ಟಿಂಗ್, ಅಂದರೆ ವಾರ್ಡಿನ ತರಬೇತಿ, ಮಾಡಿದ ವಿದ್ಯಾರ್ಥಿಗೆ ಅಡಿಕೆಗೆ ಮದ್ದು ಹೊಡೆಯುವ ಮಳೆಗಾಲದಲ್ಲೂ ಕೊಯ್ಲಿನ ಸಮಯದಲ್ಲೂ ಇಂಥ ರೋಗಿ ಎದುರಾಗದೆ ಇರುವುದು ಅಪರೂಪ.

ಪೌಷ್ಟಿಕಾಂಶದ ವಿಷಯವನ್ನೂ ನಾನು ಊರಿನ ಊಟದಿಂದಲೇ ಕಲಿಸುತ್ತಿದ್ದೆ. ಬಿ.ಪಿ. ಇರುವವರಿಗೆ ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳುಹಿಸಿದರೆ ಅವರು ಸಾರಿಗೆ ಹಾಕುವ ಉಪ್ಪನ್ನು ಮಾತ್ರ ಕಡಿಮೆ ಮಾಡುತ್ತಾರೆ. ಗಂಜಿಯ ಜೊತೆ ದಿನಾ ನಂಚಿಕೊಳ್ಳುವ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಮಳೆಗಾಲಕ್ಕೆಂದು ತಂದಿಟ್ಟ ಒಣಮೀನು ಅವರ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕೇಳಿ ತಿಳಿಯುವುದು ನರ್ಸಿನ ಕೆಲಸ. ರಕ್ತಹೀನತೆಯ ಗರ್ಭಿಣಿಗೆ ಹರಿವೆ, ಬಸಳೆ ತಿನ್ನಿ ಎನ್ನುವುದರ ಜೊತೆಗೆ ಊಟವಾದ ಕೂಡಲೇ ಚಹಾ ಕುಡಿಯಬೇಡಿ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಹೇಳಬೇಕು.

ಎರಡನೆಯ ವರ್ಷ ಓದು ಗಟ್ಟಿಯಾಗುತ್ತದೆ. ಸೂಕ್ಷ್ಮಜೀವಿಶಾಸ್ತ್ರ ಮತ್ತು ಸೋಂಕು ನಿಯಂತ್ರಣ, ರೋಗಶಾಸ್ತ್ರ, ಔಷಧಶಾಸ್ತ್ರ, ಜೊತೆಗೆ ವಯಸ್ಕರ ಶುಶ್ರೂಷೆ. ಇಲ್ಲಿ ನಾನು ಅತಿ ಹೆಚ್ಚು ಕಟ್ಟುನಿಟ್ಟು ಮಾಡುತ್ತಿದ್ದುದು ಔಷಧದ ಲೆಕ್ಕದ ವಿಷಯದಲ್ಲಿ. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಮಿಲಿಲೀಟರಿಗೆ 20 ಹನಿಯದು ಎಂದುಕೊಳ್ಳೋಣ. 1000ವನ್ನು 20ರಿಂದ ಗುಣಿಸಿ 480 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇದನ್ನು ಕಾಗದದ ಮೇಲೆ ಮಾಡಿದರೆ ಸಾಲದು, ವಾಚು ಹಿಡಿದು ಹನಿ ಎಣಿಸಿ ಕ್ಲ್ಯಾಂಪ್ ಹೊಂದಿಸಬೇಕು, ರೋಗಿ ಕೈ ಮಡಿಸಿದಾಗ ವೇಗ ಬದಲಾಗುವುದರಿಂದ ಮತ್ತೆ ಬಂದು ಎಣಿಸಬೇಕು. ಇನ್ಸುಲಿನ್ನಿನ ಪಾಠ ಇನ್ನೂ ಮುಖ್ಯ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ನೂರರ ಬಾಟಲಿಯಿಂದ ನಲವತ್ತರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಸಕ್ಕರೆ ಕಾಯಿಲೆಯವರು ಈಗ ಮನೆಮನೆಯಲ್ಲೂ ಇರುವುದರಿಂದ ಈ ಪಾಠವನ್ನು ವಿದ್ಯಾರ್ಥಿ ತಾನು ಕಲಿಯುವುದಲ್ಲದೆ ಮನೆಯವರಿಗೂ ಕಲಿಸಿ ಕಳುಹಿಸಬೇಕಾಗುತ್ತದೆ.

ಮಲೆನಾಡಿನಲ್ಲಿ ಹಾವು ಕಡಿದವರ ಶುಶ್ರೂಷೆಗೆ ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಕೊಡಬೇಕೆಂಬುದು ನನ್ನ ಅಭಿಪ್ರಾಯ. ಕಡಿತಕ್ಕೊಳಗಾದವರಿಂದ 2 ಮಿಲಿಲೀಟರ್ ರಕ್ತ ತೆಗೆದು, ತೊಳೆದು ಒಣಗಿಸಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ. ನಳಿಕೆಯಲ್ಲಿ ಸೋಪಿನ ಅಂಶ ಉಳಿದಿದ್ದರೆ ಅಥವಾ ಪ್ಲಾಸ್ಟಿಕ್ ನಳಿಕೆ ಬಳಸಿದರೆ ಫಲಿತಾಂಶವೇ ತಪ್ಪಾಗಿಬಿಡುತ್ತದೆ. ಇಷ್ಟು ಸರಳವಾದ ಪರೀಕ್ಷೆಯ ಮೇಲೆ ಪ್ರತಿವಿಷ ಕೊಡುವ ನಿರ್ಧಾರ ನಿಂತಿರುತ್ತದೆ. ನಮ್ಮ ದೇಶದ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಪಶ್ಚಿಮ ಘಟ್ಟದ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. ಆದ್ದರಿಂದ ಪ್ರತಿವಿಷ ಹಾಕಿದ ಮೇಲೂ ಕಣ್ಣುರೆಪ್ಪೆ ಜೋಲುತ್ತಿದೆಯೇ, ಒಸಡಿನಲ್ಲಿ ರಕ್ತ ಬರುತ್ತಿದೆಯೇ, ಮೂತ್ರ ಕಡಿಮೆಯಾಗಿದೆಯೇ ಎಂದು ನೋಡುತ್ತಲೇ ಇರಬೇಕು.

ನೋಡುವುದರ ಬೆಲೆ ನನಗೆ ತಿಳಿದದ್ದು ಒಂದು ತಪ್ಪಿನಿಂದ. ನಾನು ವಿದ್ಯಾರ್ಥಿಯಾಗಿದ್ದಾಗ ಮಕ್ಕಳ ವಾರ್ಡಿನಲ್ಲಿ ಬೆಳಗಿನ ಡ್ಯೂಟಿ. ನಾಡಿ, ಜ್ವರ ನೋಡಿ, ಉಸಿರಿನ ಕಾಲಮ್ಮಿನಲ್ಲಿ ಎಲ್ಲ ಮಕ್ಕಳಿಗೂ ಅಂದಾಜಿನಲ್ಲಿ 28 ಎಂದು ಬರೆದುಬಿಟ್ಟೆ. ವಾರ್ಡ್ ಸಿಸ್ಟರ್ ಚಾರ್ಟನ್ನು ಒಂದು ಸಲ ನೋಡಿ, ಏನೂ ಬೈಯದೆ, ನನ್ನನ್ನು ಎರಡು ವರ್ಷದ ಒಂದು ಮಗುವಿನ ಹಾಸಿಗೆಯ ಬಳಿ ಕೂರಿಸಿದರು. ತಾಯಿಯ ಮಡಿಲಲ್ಲಿ ಮಲಗಿದ್ದ ಮಗುವಿನ ಅಂಗಿಯನ್ನು ಮೇಲಕ್ಕೆ ಸರಿಸಿ, ತಮ್ಮ ವಾಚನ್ನು ನನ್ನ ಕೈಗಿಟ್ಟು, "ಪೂರ್ತಿ ಒಂದು ನಿಮಿಷ ಎಣಿಸು" ಎಂದರು. ಎಣಿಸಿದೆ, 52 ಇತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆಯುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರಾಟ, ನ್ಯುಮೋನಿಯಾದ ಲಕ್ಷಣ ಎಂದು ನಾನು ಹಿಂದಿನ ವಾರವಷ್ಟೇ ಓದಿ ಉತ್ತರ ಬರೆದಿದ್ದೆ. ಮಗುವಿಗೆ ಅರ್ಧ ಗಂಟೆಯೊಳಗೆ ಆಮ್ಲಜನಕ ಹಾಕಿದರು, ಮಗು ಗುಣವಾಗಿ ಮನೆಗೆ ಹೋಯಿತು. ಆ ದಿನದ ನಂತರ ಎಣಿಸದೆ ಒಂದು ಅಂಕೆಯನ್ನೂ ನಾನು ಬರೆದಿಲ್ಲ. ನನ್ನ ವಿದ್ಯಾರ್ಥಿಗಳನ್ನೂ ಅದೇ ರೀತಿ ಹಾಸಿಗೆಯ ಬಳಿ ಕೂರಿಸಿ ಎಣಿಸಿಸಿದ್ದೇನೆ.

ಮೂರನೆಯ ವರ್ಷ ಮಕ್ಕಳ ಶುಶ್ರೂಷೆಯ ಜೊತೆಗೆ ಮಾನಸಿಕ ಆರೋಗ್ಯ ಮತ್ತು ಸಮುದಾಯ ಆರೋಗ್ಯ ಬರುತ್ತವೆ. ಮಾನಸಿಕ ಆರೋಗ್ಯದ ಪೋಸ್ಟಿಂಗಿಗೆ ಹೋಗುವ ಮುನ್ನ ಹೆಚ್ಚಿನ ಮಕ್ಕಳು ಹೆದರಿರುತ್ತಾರೆ. ಅಲ್ಲಿ ಕಲಿಯುವ ಮುಖ್ಯ ವಿದ್ಯೆ ಮಾತು, ಅದಕ್ಕಿಂತಲೂ ಮೌನವಾಗಿ ಕೇಳಿಸಿಕೊಳ್ಳುವುದು. ನಮ್ಮ ಕಡೆ ಕೀಟನಾಶಕಕ್ಕೂ ಕಳೆನಾಶಕಕ್ಕೂ "ಔಷಧಿ" ಎಂದೇ ಹೇಳುವುದು ನಿಮಗೆ ಗೊತ್ತಿದೆ. ರಾತ್ರಿ ಎರಡು ಗಂಟೆಗೆ ಮನೆಯವರು ಓಡಿಬಂದು "ಔಷಧಿ ಕುಡಿದುಬಿಟ್ಟಿದ್ದಾರೆ ಸಿಸ್ಟರ್" ಎಂದರೆ ಏನೆಂದು ಅರ್ಥವಾಗಲು ಈ ಮಣ್ಣಿನ ಮಾತು ಬರಬೇಕು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದೆಯೇ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆಯೇ ಎಂದು ನೋಡಿ ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಸಿದ್ಧ ಮಾಡುವುದು ಆ ರಾತ್ರಿಯ ಕೆಲಸ. ಜೀವ ಉಳಿದ ಮೇಲೆ, ಕೊಳೆ ರೋಗದಿಂದ ಫಸಲು ಉದುರಿಯೋ ಸಾಲದಿಂದಲೋ ಬೇಸತ್ತ ಆ ಮನುಷ್ಯನ ಪಕ್ಕ ಕುಳಿತು, ಮತ್ತೆ ಸಾಯಬೇಕೆಂದು ಅನಿಸುತ್ತಿದೆಯೇ ಎಂದು ನೇರವಾಗಿ ಕೇಳುವುದು ಮಾರನೆಯ ದಿನದ ಕೆಲಸ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಿಗಿದೆ, ಅದು ತಪ್ಪು ತಿಳಿವಳಿಕೆ. ಕೇಳಿದವರಿದ್ದಾರೆ ಎಂಬುದೇ ಎಷ್ಟೋ ಜನರಿಗೆ ಬಾಯಿ ಬಿಡಲು ಧೈರ್ಯ ಕೊಡುತ್ತದೆ.

ಸಮುದಾಯ ಆರೋಗ್ಯದಲ್ಲಿ ವಿದ್ಯಾರ್ಥಿ ಆಸ್ಪತ್ರೆಯ ಗೋಡೆ ದಾಟಿ ಮನೆಮನೆಗೆ ಹೋಗುತ್ತಾಳೆ. ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಎಂಬ ಮಾನದಂಡ ಏಕಿದೆಯೆಂದು ಮಳೆಗಾಲದಲ್ಲಿ ಕಾಲುಸಂಕ ದಾಟಿ, ತೋಟದ ನಡುವಿನ ಒಂಟಿ ಮನೆಗೆ ಬಾಣಂತಿಯನ್ನು ನೋಡಲು ಹೋದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಜಗುಲಿಯ ಮೇಲೆ ದಿನಪತ್ರಿಕೆ ಹಾಸಿ, ಅದರ ಮೇಲೆ ಬ್ಯಾಗ್ ಇಟ್ಟು, ಕೈ ತೊಳೆದ ಮೇಲೆಯೇ ಸಾಮಾನು ಹೊರತೆಗೆಯುವ ಕ್ರಮವನ್ನು ಅವಳು ಅಲ್ಲಿ ರೂಢಿಸಿಕೊಳ್ಳುತ್ತಾಳೆ. ಒಂದು ಮನೆಯ ಸೋಂಕು ಇನ್ನೊಂದು ಮನೆಗೆ ಬ್ಯಾಗಿನ ಮೂಲಕ ಹೋಗಬಾರದಲ್ಲವೇ?

ಈ ವಿಷಯಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಪಾಠಶಾಲೆ ಇಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಜೀವಗಳನ್ನು ಬಲಿ ತೆಗೆದುಕೊಂಡದ್ದು ನಿಮಗೆ ನೆನಪಿರಬಹುದು. ವೈರಸ್ಸನ್ನು ಹರಡುವುದು ಉಣ್ಣೆ, ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ನಮ್ಮ ಜನ ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆ ತರಲು, ದನ ಹೊಡೆದುಕೊಂಡು ಸೊಪ್ಪಿನ ಬೆಟ್ಟಕ್ಕೆ ಹೋಗುವ ದಿನಗಳಲ್ಲೇ. ನಿರ್ದಿಷ್ಟ ಔಷಧವಿಲ್ಲದ ಕಾಯಿಲೆಯಾದ್ದರಿಂದ ಇದರಲ್ಲಿ ಶುಶ್ರೂಷೆಯೇ ಚಿಕಿತ್ಸೆ: ನೀರಿನಂಶ ಕಾಯುವುದು, ಮೂಗು ಒಸಡುಗಳ ರಕ್ತಸ್ರಾವ ಗಮನಿಸುವುದು, ಆಸ್ಪಿರಿನ್‌ನಂಥ ಮಾತ್ರೆ ಕೊಡದಿರುವುದು. ಜ್ವರ ಬಿಟ್ಟಿತೆಂದು ಮನೆಗೆ ಹೋದವರಲ್ಲಿ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬಂದು ಕತ್ತು ಬಿಗಿಯುವುದು, ಕೈ ನಡುಗುವುದು, ಮಾತು ತಡವರಿಸುವುದು ಆಗಬಹುದು. ಅದನ್ನು ಮನೆಯವರಿಗೆ ಮೊದಲೇ ತಿಳಿಸಿ ಕಳುಹಿಸಬೇಕು. ಕಾಡಿಗೆ ಹೋಗಲೇಬೇಡಿ ಎಂದು ಹೇಳುವ ವಿದ್ಯಾರ್ಥಿಗೆ ನಾನು ಕಡಿಮೆ ಅಂಕ ಕೊಡುತ್ತಿದ್ದೆ, ಏಕೆಂದರೆ ಆ ಮಾತನ್ನು ಯಾರೂ ಪಾಲಿಸಲಾರರು. ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಉಣ್ಣೆ ನಿವಾರಕ ತೈಲ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಒಳಗೆ ತರಬೇಡಿ, ಮಂಗ ಸತ್ತಿದ್ದು ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಎಂದವಳಿಗೆ ಪೂರ್ತಿ ಅಂಕ.

ಹೆರಿಗೆ ಮತ್ತು ಸ್ತ್ರೀರೋಗ ಶುಶ್ರೂಷೆ ಆರು ಮತ್ತು ಏಳನೆಯ ಸೆಮಿಸ್ಟರ್‌ಗಳದ್ದು. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇದೆಯೇ, ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ನೋವು ಹತ್ತು ನಿಮಿಷಕ್ಕೆ ಎಷ್ಟು ಸಲ ಬರುತ್ತಿದೆ, ಇವನ್ನೆಲ್ಲ ಒಂದೇ ಹಾಳೆಯ ನಕ್ಷೆಯಲ್ಲಿ ಗುರುತಿಸುತ್ತ, ಹೆರಿಗೆ ಹಾದಿ ತಪ್ಪುತ್ತಿದೆಯೇ ಎಂದು ಗೆರೆಯ ಓಟದಿಂದಲೇ ತಿಳಿಯುವುದನ್ನು ಇಲ್ಲಿ ಕಲಿಯುತ್ತಾರೆ. ಮಗು ಹುಟ್ಟಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದರೆ ರಕ್ತಸ್ರಾವ ಹೊರಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ. ಆಸ್ಪತ್ರೆ ದೂರವಿರುವ ಊರುಗಳಲ್ಲಿ ಆ ಕೈಯ ಅರಿವಿನಿಂದ ಬದುಕಿದ ತಾಯಂದಿರು ಎಷ್ಟೋ ಜನ.

ಉಳಿದ ವಿಷಯಗಳು, ಅಂದರೆ ವೃತ್ತಿನೀತಿ, ಕಾನೂನು, ಆಡಳಿತ, ಬೋಧನೆ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, ವಿದ್ಯಾರ್ಥಿಗಳಿಗೆ ಬೇಸರ ತರಿಸುವಂಥವು, ಆದರೆ ಕೆಲಸಕ್ಕೆ ಸೇರಿದ ಮೇಲೆ ಬೇಕಾಗುವಂಥವು. ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್, 22 ವಾರ ವಾರ್ಡಿನಲ್ಲಿ ಪಾಳಿಯ ಕೆಲಸ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಸಾಕಾದರೂ ಪದವಿ ಪಡೆಯುವ ಹೊತ್ತಿಗೆ ಕ್ಲಿನಿಕಲ್ ಹಾಜರಾತಿ ಶೇ. 100 ಆಗಿರಲೇಬೇಕು, ತಪ್ಪಿಸಿಕೊಂಡ ದಿನಗಳನ್ನು ಮತ್ತೆ ದುಡಿದು ತುಂಬಿಸಿಕೊಡಬೇಕು. ಪದವಿಯ ನಂತರ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ ಮೇಲೆಯೇ ಅವಳು ಕಾನೂನಿನ ದೃಷ್ಟಿಯಲ್ಲಿ ನರ್ಸ್ ಮತ್ತು ಸೂಲಗಿತ್ತಿ ಎರಡೂ ಆಗುತ್ತಾಳೆ.

ಇನ್ನು ಇಂಗ್ಲಿಷ್. ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತವೆ, ಮೊದಲ ಆರು ತಿಂಗಳು ಅವಳಿಗೆ ಕಷ್ಟವಾಗುತ್ತದೆ. ಅದನ್ನು ಮುಚ್ಚಿಟ್ಟು ಹೇಳಲಾರೆ. ಆದರೆ ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ವಿದ್ಯಾರ್ಥಿಗಳು ದಿನಕ್ಕೆ ಹತ್ತು ಪದಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳುವ ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಎರಡನೆಯ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಉಳಿದವರ ಸಮಕ್ಕೆ ಬಂದದ್ದನ್ನು ನಾನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ. ವಾರ್ಡಿನಲ್ಲಿ ಅವರೇ ಮುಂದಿರುತ್ತಾರೆ. ಹೊಸನಗರದ ಕಡೆಯ ಹಿರಿಯರೊಬ್ಬರು "ಎದೆ ಹಿಡಿದ ಹಾಗೆ ಆಗ್ತದೆ ತಂಗಿ, ಗ್ಯಾಸ್ ಇರಬೇಕು" ಎಂದು ಬೆವರು ಒರೆಸಿಕೊಂಡರೆ, ಆ "ಹಿಡಿದ ಹಾಗೆ" ಎಂಬುದರ ತೂಕ ಅವಳಿಗೆ ತಕ್ಷಣ ತಿಳಿಯುತ್ತದೆ. ಗ್ಯಾಸಿನ ಮಾತ್ರೆ ಹುಡುಕದೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗುವಂತೆ ನೋಡಿಕೊಳ್ಳುತ್ತಾಳೆ.

ಮುಂದೆ ದಾರಿಗಳು ಹಲವು. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಬಹುದು, ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಬಹುದು, ಒಂದು ವರ್ಷದ ಅನುಭವದ ನಂತರ ಎರಡು ವರ್ಷದ ಎಂ.ಎಸ್ಸಿ. ಮಾಡಿ ಬೋಧನೆಗೆ ಬರಬಹುದು. ಅದರ ಚಿಂತೆ ಈಗಲೇ ಬೇಡ. ಈಗ ಮಾಡಬೇಕಾದ್ದು ಕಾಲೇಜನ್ನು ಸರಿಯಾಗಿ ಆರಿಸುವುದು. ಕಟ್ಟಡ, ಬಸ್ಸು, ಹಾಸ್ಟೆಲ್ ನೋಡುವುದಕ್ಕಿಂತ ಮೊದಲು, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ, ಅದು ಎಷ್ಟು ಹಾಸಿಗೆಯದು, ಆ ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಕೇಳಿ. ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳು ಸಿಗಬೇಕೆಂಬುದು ಪರಿಷತ್ತಿನ ಮಾನದಂಡ. ಶಿವಮೊಗ್ಗದ ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆಗೆ ಏಳೂ ತಾಲ್ಲೂಕುಗಳ ರೋಗಿಗಳು ಬರುತ್ತಾರೆ, ಅಂಥ ಕಡೆ ಪೋಸ್ಟಿಂಗ್ ಇರುವ ವಿದ್ಯಾರ್ಥಿ ನೋಡುವ ಕಾಯಿಲೆಗಳ ವೈವಿಧ್ಯವೇ ಬೇರೆ. ಸಾಧ್ಯವಾದರೆ ಮಗಳನ್ನು ಕರೆದುಕೊಂಡು ಒಂದು ದಿನ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಆ ಆಸ್ಪತ್ರೆಗೆ ಹೋಗಿ ನಿಂತು ನೋಡಿ. ವಿದ್ಯಾರ್ಥಿಗಳು ಬಂದಾಗ ಅವರ ಜೊತೆ ಅವರ ಟೀಚರ್ ಕೂಡ ವಾರ್ಡಿನೊಳಗೆ ಹೋಗುತ್ತಾರೆಯೇ, ಇಲ್ಲವೇ ಮಕ್ಕಳನ್ನು ಬಿಟ್ಟು ಹೊರಟುಹೋಗುತ್ತಾರೆಯೇ ಎಂಬುದು ಹತ್ತು ನಿಮಿಷದಲ್ಲಿ ನಿಮ್ಮಿಬ್ಬರಿಗೂ ಗೊತ್ತಾಗುತ್ತದೆ.